ನೂರಕ್ಕೊಬ್ಬರಿಗೆ ಮಂತ್ರ ಬರುವ ಲೋಕದಲ್ಲಿ ಊರು ಹೇಗಿರುತ್ತದೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಆಟಗಾರರು ಪಾತ್ರಗಳಾಗಿ ಕಥೆ ನಡೆಸುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಸ್ವಂತ ಲೋಕವೊಂದನ್ನು ಕಟ್ಟುತ್ತಿದ್ದೀರಿ. ಅಲ್ಲಿ ನೂರಕ್ಕೊಬ್ಬರಿಗೆ ಮಂತ್ರ ಬರುತ್ತದೆ. ಆದರೂ ಊರು, ಕೋಟೆ, ಸಂತೆ ಎಲ್ಲವೂ ಮಧ್ಯಯುಗದ ಯುರೋಪಿನಂತೆಯೇ ಉಳಿದಿವೆ. ಏನು ಬದಲಾಗಬೇಕು? ನಾನು 2014ರ ನಿಯಮಗಳನ್ನು ಹಿಡಿದು ಉತ್ತರಿಸುತ್ತೇನೆ.

ಈ ಪ್ರಶ್ನೆ ಬಂದಾಗ ಹೆಚ್ಚಿನವರು ಫೈರ್‌ಬಾಲ್‌ನಿಂದ, ಅಂದರೆ ಬೆಂಕಿಯುಂಡೆ ಎಸೆಯುವ ಯುದ್ಧದ ಮಂತ್ರದಿಂದ ಶುರು ಮಾಡುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸಮಾಜವನ್ನು ಬುಡಮೇಲು ಮಾಡುವುದು ಆಟಗಾರರು ಕಣ್ಣೆತ್ತಿಯೂ ನೋಡದ ನೀರಿನ ಮಂತ್ರ, ಬೆಳೆಯ ಮಂತ್ರ. ಆಮೇಲೆ ಬರುವ ಪ್ರಶ್ನೆ ಒಂದೇ: ಮಂತ್ರ ಹಾಕಲು ದಿನಕ್ಕೆ ಇಷ್ಟೇ ಎಂದು ಸಿಗುವ ಅವಕಾಶಗಳನ್ನು, ಅಂದರೆ ಸ್ಲಾಟ್‌ಗಳನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಯಾರು ತೀರ್ಮಾನಿಸುತ್ತಾರೆ? ನಿಮ್ಮ ಲೋಕದ ರಾಜಕೀಯವೆಲ್ಲ ಅಲ್ಲೇ ಇದೆ.

ಲೆಕ್ಕಕ್ಕೆ 5,000 ಜನರ ಒಂದು ಪಟ್ಟಣ ತೆಗೆದುಕೊಳ್ಳೋಣ. ಮಂತ್ರ ಬಲ್ಲವರು 50 ಮಂದಿ. ಅವರು ಪಳಗಿದ ಮಟ್ಟವೇ ಲೆವೆಲ್. ಅವರಲ್ಲಿ ನಲವತ್ತಕ್ಕೂ ಹೆಚ್ಚು ಜನ ಒಂದನೇ, ಎರಡನೇ ಲೆವೆಲ್‌ನವರು, ಐದಾರು ಜನ ಮೂರನೇ ಲೆವೆಲ್ ಮುಟ್ಟಿದವರು, ಐದನೇ ಲೆವೆಲ್ ಮುಟ್ಟಿದವರು ಇಬ್ಬರು ಎಂದು ಇಟ್ಟುಕೊಳ್ಳಿ. ಈ ಹಂಚಿಕೆ ನನ್ನದು, ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ. ಮೇಲಕ್ಕೆ ಹೋದಂತೆ ಜನ ಕಡಿಮೆಯಾಗುತ್ತಾರೆ ಅನ್ನುವುದನ್ನು ಮಾತ್ರ ಬಿಡಬೇಡಿ.

ಮೊದಲು ನೀರು. ಪ್ಯೂರಿಫೈ ಫುಡ್ ಅಂಡ್ ಡ್ರಿಂಕ್ ಒಂದನೇ ಲೆವೆಲ್ ಮಂತ್ರ (ಮಂತ್ರಗಳಿಗೂ ಲೆವೆಲ್ ಇದೆ, ಅದು ಹಾಕುವವರ ಲೆವೆಲ್ಲಿಗಿಂತ ಬೇರೆ ಲೆಕ್ಕ). 5 ಅಡಿ ತ್ರಿಜ್ಯದ ಗೋಳದೊಳಗಿನ ಅನ್ನ, ನೀರು ಎಲ್ಲವೂ ವಿಷ ಮತ್ತು ರೋಗದಿಂದ ಮುಕ್ತವಾಗುತ್ತವೆ. ಇದನ್ನು ರಿಚುಯಲ್ ಆಗಿ ಮಾಡಬಹುದು, ಅಂದರೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ ಆದರೆ ಸ್ಲಾಟ್ ಖರ್ಚಾಗುವುದಿಲ್ಲ. ಸಾಮಗ್ರಿಗೂ ಕಾಸಿಲ್ಲ. ಹೀಗಾಗಿ ಇಡೀ ಪಟ್ಟಣಕ್ಕೆ ಅತಿ ಅಗ್ಗದ ಮಂತ್ರ ಇದೇ. ಆದರೆ ತೊಟ್ಟಿಯ ಅಳತೆಯಲ್ಲಿ ಎಡವುವುದು ಸುಲಭ. ಗೋಳದ ವ್ಯಾಸ 10 ಅಡಿ ಇದೆ ಎಂದು 10 ಅಡಿ ಅಗಲ, 10 ಅಡಿ ಆಳದ ತೊಟ್ಟಿ ಕಟ್ಟಿಸಿದರೆ ಮೇಲಿನ ಮತ್ತು ತಳದ ಅಂಚುಗಳು ಗೋಳದ ಹೊರಗೆ ಉಳಿಯುತ್ತವೆ. ಅಲ್ಲಿನ ಕೊಳಕು ನೀರು ಮಿಕ್ಕಿದ್ದರ ಜೊತೆ ಬೆರೆತು ಎಲ್ಲವೂ ಹಾಳು. 8 ಅಡಿ ಅಗಲ, ಐದೂವರೆ ಅಡಿ ಆಳದ ದುಂಡು ತೊಟ್ಟಿ ಪೂರ್ತಿಯಾಗಿ ಗೋಳದೊಳಗೆ ಕೂರುತ್ತದೆ. ಅದರಲ್ಲಿ ಸುಮಾರು 7,800 ಲೀಟರ್ ಹಿಡಿಯುತ್ತದೆ. ಕುಡಿಯಲು, ಅಡುಗೆಗೆ ತಲೆಗೆ 20 ಲೀಟರ್ ಅಂದರೂ ಪಟ್ಟಣಕ್ಕೆ ದಿನಕ್ಕೆ ಒಂದು ಲಕ್ಷ ಲೀಟರ್ ಬೇಕು: ಹದಿಮೂರು ತೊಟ್ಟಿ. ಒಬ್ಬ ಒಂದನೇ ಲೆವೆಲ್ ಕ್ಲೆರಿಕ್, ಅಂದರೆ ದೇವರಿಂದ ಮಂತ್ರ ಪಡೆಯುವ ಅರ್ಚಕ, ಬೆಳಿಗ್ಗೆ ಕೂತರೆ ಎರಡೂಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು.

ತೆರೆದ ಬಾವಿಗೆ ಈ ಉಪಾಯ ನಡೆಯುವುದಿಲ್ಲ. ಶುದ್ಧ ಮಾಡಿದ ಮರುಗಳಿಗೆಯಿಂದಲೇ ಪಕ್ಕದ ಕಕ್ಕಸುಗುಂಡಿಯಿಂದ ಮತ್ತೆ ಜಿನುಗುತ್ತದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಕಾಲರಾ ಹಬ್ಬಿದ್ದನ್ನು ವೈದ್ಯ ಜಾನ್ ಸ್ನೋ ಪತ್ತೆ ಹಚ್ಚಿದ್ದು, ಪಂಪಿನ ಹಿಡಿಕೆ ತೆಗೆಸಿದ್ದು ನಿಮಗೆ ಗೊತ್ತಿರಬಹುದು. ಅಂಥ ಪಂಪು ನಿಮ್ಮ ಲೋಕದಲ್ಲಿ ಇರಬಾರದು. ಅದರ ಬದಲು ದೇವಾಲಯದ ಅಂಗಳದಲ್ಲಿ ಮುಚ್ಚಳವಿರುವ ಕಲ್ಲಿನ ತೊಟ್ಟಿಗಳ ಸಾಲು, ಪ್ರತಿ ತೊಟ್ಟಿಗೂ ಕ್ಲೆರಿಕ್ ಬಗ್ಗಿ ನೋಡಲು ಒಂದು ಕಿಂಡಿ, ಬೆಳಿಗ್ಗೆ ಕೊಡಗಳ ಸರತಿ. ಇದರ ಪರಿಣಾಮ ದೊಡ್ಡದು. ಹಳೆಯ ಯುರೋಪಿನ ದೊಡ್ಡ ನಗರಗಳಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚಿದ್ದರು. ಹಳ್ಳಿಯಿಂದ ಜನ ಬರುತ್ತಲೇ ಇದ್ದುದರಿಂದ ನಗರ ಉಳಿಯುತ್ತಿತ್ತು. ನೀರು ಶುದ್ಧವಾದರೆ ನಗರ ತಾನಾಗಿಯೇ ಬೆಳೆಯುತ್ತದೆ. ಜೊತೆಗೆ, ನೀರಿನ ಕೀಲಿಕೈ ದೇವಾಲಯದ ಕೈಯಲ್ಲಿರುತ್ತದೆ. ತೆರಿಗೆಯ ಜಗಳದಲ್ಲಿ ಅರ್ಚಕರು ಒಂದು ದಿನ ತೊಟ್ಟಿ ತೆರೆಯದಿದ್ದರೆ ಸಾಕು, ರಾಜ ಇಳಿದು ಬರುತ್ತಾನೆ.

ಇನ್ನು ಬೆಳೆ. ಪ್ಲಾಂಟ್ ಗ್ರೋತ್ ಮೂರನೇ ಲೆವೆಲ್ ಮಂತ್ರ. ಎಂಟು ಗಂಟೆ ಕೂತು ಹಾಕಿದರೆ ಅರ್ಧ ಮೈಲಿ ತ್ರಿಜ್ಯದೊಳಗಿನ ಗಿಡಗಳು ಒಂದು ವರ್ಷ ಎರಡು ಪಟ್ಟು ಫಸಲು ಕೊಡುತ್ತವೆ. ಅರ್ಧ ಮೈಲಿ ತ್ರಿಜ್ಯ ಅಂದರೆ ಸುಮಾರು 500 ಎಕರೆ. ತಲೆಗೆ ಎರಡೆಕರೆಯಂತೆ ಪಟ್ಟಣದ ಹೊಟ್ಟೆಗೆ 10,000 ಎಕರೆ ಅಂದುಕೊಂಡರೆ 20 ವೃತ್ತ ಸಾಕು ಅನ್ನಿಸುತ್ತದೆ. ಆದರೆ ವೃತ್ತಗಳ ನಡುವೆ ಸಂದು ಉಳಿಯುತ್ತದೆ. ಅದನ್ನೂ ಮುಚ್ಚಬೇಕಾದರೆ ವೃತ್ತಗಳು ಒಂದರ ಮೇಲೊಂದು ಹಾಯಬೇಕು, 24–25 ಬೇಕಾಗುತ್ತದೆ. ಐದನೇ ಲೆವೆಲ್ ಡ್ರೂಯಿಡ್ (ಪ್ರಕೃತಿಯಿಂದ ಮಂತ್ರ ಪಡೆಯುವ ಕಾಡಿನವರು) ಒಬ್ಬರ ಒಂದು ತಿಂಗಳ ಕೆಲಸ. ಸಂದಿನಲ್ಲಿ ಬಿದ್ದ ಹೊಲದವನ ಗೋಳು ಕೇಳಿ: ಪಕ್ಕದವನ ಪೈರು ಎದೆಮಟ್ಟ, ಇವನದು ಮೊಣಕಾಲು. ಯಾರ ಹೊಲದ ನಡುವೆ ಕೂತು ಮಂತ್ರ ಹಾಕಬೇಕು ಎಂಬುದರ ಮೇಲೆ ಲಂಚ, ಹೊಡೆದಾಟ, ಗಡಿಕಲ್ಲು ಕೀಳುವುದು ಎಲ್ಲ ನಡೆಯುತ್ತದೆ.

ಎರಡು ಪಟ್ಟು ಅನ್ನುವುದು ಕೇಳಲು ಸಣ್ಣದು. ಮಧ್ಯಯುಗದ ಗೋಧಿ ಬೇಸಾಯದಲ್ಲಿ ಒಂದು ಸೇರು ಬಿತ್ತಿದರೆ ನಾಲ್ಕು ಸೇರು ಬಂದರೆ ಅದೇ ಒಳ್ಳೆಯ ಬೆಳೆ. ಅದರಲ್ಲಿ ಒಂದು ಮುಂದಿನ ಬಿತ್ತನೆಗೆ, ಮೂರು ಹೊಟ್ಟೆಗೆ. ಬೆಳೆ ಎಂಟಾದರೆ ಬಿತ್ತನೆಗೆ ಅದೇ ಒಂದು, ಹೊಟ್ಟೆಗೆ ಏಳು. ತಿನ್ನಲು ಸಿಗುವುದು ಎರಡು ಪಟ್ಟಿಗಿಂತಲೂ ಹೆಚ್ಚು. ಈಗ ಕೊರತೆ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಕೊಯ್ಲಿಗೆ ಆಳು ಸಾಲದು, ಕಣಜ ಸಾಲದು, ಇಲಿ ಹೆಚ್ಚುತ್ತದೆ. ಕಾಳಿನ ಬೆಲೆ ಕುಸಿಯುತ್ತದೆ. ನಿಯಮಪುಸ್ತಕದಲ್ಲಿ ಒಂದು ಪೌಂಡ್ ಗೋಧಿಗೆ ಒಂದು ತಾಮ್ರದ ನಾಣ್ಯ. ನಿಮ್ಮ ಲೋಕದಲ್ಲಿ ಅದು ಅರ್ಧಕ್ಕಿಳಿದರೆ, ಸಂದಿನಲ್ಲಿ ಬಿದ್ದ ಹೊಲಗಳವರಲ್ಲಿ ಗೇಣಿಯನ್ನು ಕಾಳಿನಲ್ಲಿ ಕೊಡುವ ಒಕ್ಕಲು ಬದುಕಿಕೊಳ್ಳುತ್ತಾನೆ, ನಾಣ್ಯದಲ್ಲಿ ಕೊಡುವವನು ಮುಳುಗುತ್ತಾನೆ. ಹಳ್ಳಿ ಬಿಟ್ಟು ಪಟ್ಟಣ ಸೇರುವವರು ಇವರೇ.

ಇನ್ನೊಂದು ಸೂಕ್ಷ್ಮ: ಈ ಮಂತ್ರ ಡ್ರೂಯಿಡ್, ಹಾಡಿನಿಂದ ಮಂತ್ರ ಹಾಕುವ ಬಾರ್ಡ್, ಕಾಡಿನ ಬೇಟೆಗಾರರಾದ ರೇಂಜರ್‌ಗಳ ಪಟ್ಟಿಯಲ್ಲಿದೆ. ಸಾಮಾನ್ಯ ಕ್ಲೆರಿಕ್‌ಗೂ ಓದಿ ಮಂತ್ರ ಕಲಿಯುವ ವಿಝರ್ಡ್‌ಗೂ ಇಲ್ಲ. ಹೀಗಾಗಿ ನೀರು ದೇವಾಲಯದ್ದಾದರೆ ಅನ್ನ ಕಾಡಿನವರದು. ಕಾಡು ಕಡಿದರೆ ಮುಂದಿನ ವರ್ಷ ಮಂತ್ರ ಇಲ್ಲ ಎಂಬ ಕರಾರು ಪ್ರತಿ ಜಮೀನ್ದಾರನ ಕೊರಳಿಗೆ ಬೀಳುತ್ತದೆ. ನಿಮ್ಮ ಭೂಪಟದಲ್ಲಿ ಕಾಡುಗಳು ಏಕೆ ಉಳಿದಿವೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಮೂರನೇ ಲೆವೆಲ್ ಕ್ಲೆರಿಕ್‌ನ ವಿಚಾರಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಲೋಕದಲ್ಲಿ ಅತಿ ಕಷ್ಟದ ಜಾಗ ಇವರದು. ಇವರಿಗೆ ದಿನಕ್ಕೆ ಎರಡನೇ ಲೆವೆಲ್ ಸ್ಲಾಟ್ ಇರುವುದು ಎರಡೇ. ಆ ಎರಡಕ್ಕೆ ಮೂರು ಕಡೆಯಿಂದ ಬೇಡಿಕೆ. ರೋಗ ವಾಸಿ ಮಾಡುವ ಲೆಸ್ಸರ್ ರೆಸ್ಟೊರೇಷನ್, ಸಾಕ್ಷಿಯ ಸುಳ್ಳು ತಡೆಯುವ ಝೋನ್ ಆಫ್ ಟ್ರುತ್, ಆರದ ದೀಪ ಹಚ್ಚುವ ಕಂಟಿನ್ಯುಯಲ್ ಫ್ಲೇಮ್. ಪಟ್ಟಣದಲ್ಲಿ ಇಂಥ ಐವರಿದ್ದರೆ ದಿನಕ್ಕೆ ಹತ್ತು ಸ್ಲಾಟ್. ಜ್ವರ ಹಬ್ಬಿ ಇನ್ನೂರು ಜನ ಮಲಗಿದಾಗ ಮೊದಲ ಹತ್ತು ಮಂದಿ ಯಾರು? ಒಂದನೇ, ಎರಡನೇ ಲೆವೆಲ್ ಮಂತ್ರಕ್ಕೆ 10ರಿಂದ 50 ಚಿನ್ನದ ನಾಣ್ಯ ಆಗಬಹುದು ಎಂದು ಪುಸ್ತಕ ಹೇಳುತ್ತದೆ. ಕೂಲಿಯಾಳಿನ ದಿನಗೂಲಿ ಎರಡು ಬೆಳ್ಳಿ ನಾಣ್ಯ. ಹತ್ತು ಚಿನ್ನ ಅಂದರೆ ಅವನ ಐವತ್ತು ದಿನದ ದುಡಿಮೆ. ಪೇಟೆಯ ಬೆಲೆಗೆ ಬಿಟ್ಟರೆ ಬಡವರಿಗೆ ಮಂತ್ರ ಇದ್ದೂ ಇಲ್ಲ. ಹಾಗಾಗದಂತೆ ಪಟ್ಟಣಸಭೆ ಇಷ್ಟು ಸ್ಲಾಟ್ ಧರ್ಮಕ್ಕೆ ಎಂದು ಕಾಯ್ದಿರಿಸಬೇಕು. ಅದನ್ನು ಯಾರು ಹೋರಾಡಿ ಪಡೆದರು ಎಂಬುದೇ ನಿಮ್ಮ ಊರಿನ ಇತಿಹಾಸವಾಗಲಿ.

ದೀಪದ ಲೆಕ್ಕ ಬೇಗ ಮುಗಿಯುತ್ತದೆ. ಕಂಟಿನ್ಯುಯಲ್ ಫ್ಲೇಮ್‌ಗೆ 50 ಚಿನ್ನದ ಮಾಣಿಕ್ಯದ ಪುಡಿ ಸುಟ್ಟುಹೋಗುತ್ತದೆ. ಒಂದು ಬೆಳ್ಳಿಯ ಎಣ್ಣೆಗೆ ದೀಪ ಆರು ಗಂಟೆ ಉರಿಯುತ್ತದೆ. 50 ಚಿನ್ನಕ್ಕೆ 3,000 ಗಂಟೆ, ರಾತ್ರಿಗೆ ಹತ್ತು ಗಂಟೆಯಂತೆ 300 ರಾತ್ರಿ. ಪುಡಿಗೆ ಹಾಕಿದ ಹಣ ವರ್ಷದೊಳಗೆ ವಾಪಸ್. ಬೀದಿದೀಪ ಇಲ್ಲದ ಪಟ್ಟಣ ಇರಲು ಸಾಧ್ಯವಿಲ್ಲ. ಕದಿಯದಂತೆ ಗೋಡೆಯ ಕಲ್ಲಿನ ಮೇಲೆಯೇ ಹಚ್ಚಿಸಬೇಕು.

ನ್ಯಾಯಾಲಯದಲ್ಲಿ ಝೋನ್ ಆಫ್ ಟ್ರುತ್ ಹತ್ತು ನಿಮಿಷ ಇರುತ್ತದೆ. ಪ್ರತಿ ಸರದಿಗೂ ಸೇವಿಂಗ್ ಥ್ರೋ, ಅಂದರೆ ಮಂತ್ರದಿಂದ ತಪ್ಪಿಸಿಕೊಳ್ಳಲು ದಾಳ ಎಸೆಯುವುದು, ಇರುವುದರಿಂದ, ಪ್ರಶ್ನೆ ಕೇಳುವ ಮೊದಲು ಎರಡು ನಿಮಿಷ ಸುಮ್ಮನೆ ಕೂರಿಸಿದರೆ ಬಹುತೇಕ ಯಾರೂ ತಪ್ಪಿಸಿಕೊಳ್ಳಲಾರರು. ಆದರೆ ಸಾಕ್ಷಿ ಸಿಕ್ಕಿಬಿದ್ದನೋ ಇಲ್ಲವೋ ಎಂದು ಗೊತ್ತಾಗುವುದು ಮಂತ್ರ ಹಾಕಿದವನಿಗೆ ಮಾತ್ರ. ನ್ಯಾಯಾಧೀಶ ಅವನ ಮಾತು ನಂಬಲೇಬೇಕು. ಹಾಗಾಗಿ ಒಂದಕ್ಕೊಂದು ಆಗದ ಎರಡು ದೇವಾಲಯಗಳಿಂದ ಒಬ್ಬೊಬ್ಬರು ಬರಬೇಕೆಂಬ ಕಾಯ್ದೆ ಬರುತ್ತದೆ, ಒಂದು ಸಾಕ್ಷಿಗೆ ಎರಡು ಸ್ಲಾಟ್ ಹೋಗುತ್ತದೆ. ಸುತ್ತಿ ಬಳಸಿ ಮಾತಾಡಲು ಮಂತ್ರ ಅಡ್ಡಿ ಮಾಡದು. ವಕೀಲರು ಹೌದು, ಇಲ್ಲ ಎಂಬ ಪ್ರಶ್ನೆಗಳನ್ನೇ ಹೆಣೆಯಲು ಕಲಿಯುತ್ತಾರೆ. ತಪ್ಪು ತಿಳಿದುಕೊಂಡವನು ನಂಬಿದ್ದನ್ನೇ ಹೇಳುತ್ತಾನೆ, ಅದು ಸುಳ್ಳಲ್ಲ. ಕತ್ತಲಲ್ಲಿ ಮುಖ ತಪ್ಪಾಗಿ ಗುರುತಿಸಿದ ಸಾಕ್ಷಿಯಿಂದ ನಿರಪರಾಧಿಗೆ ಶಿಕ್ಷೆಯಾಗುವುದು ಈ ಲೋಕದಲ್ಲೂ ತಪ್ಪುವುದಿಲ್ಲ, ಮೇಲ್ಮನವಿ ಮಾತ್ರ ಇನ್ನಷ್ಟು ಕಷ್ಟ.

ಮುತ್ತಿಗೆ ಹಾಕಿ ಉಪವಾಸ ಕೆಡವುವುದು ಕಷ್ಟವಾಗುತ್ತದೆ. ಒಂದನೇ ಲೆವೆಲ್ ಡ್ರೂಯಿಡ್‌ಗೆ ಎರಡು ಸ್ಲಾಟ್, ಪ್ರತಿ ಗುಡ್‌ಬೆರ್ರಿ ಮಂತ್ರಕ್ಕೆ ಹತ್ತು ಹಣ್ಣು, ಒಂದು ಹಣ್ಣು ಒಬ್ಬರಿಗೆ ಒಂದು ದಿನದ ಊಟ. ಹತ್ತು ಡ್ರೂಯಿಡ್‌ಗಳಿದ್ದರೆ 200 ಸೈನಿಕರು ಎಷ್ಟು ತಿಂಗಳಾದರೂ ನಿಲ್ಲಬಲ್ಲರು, ಉಳಿದ 4,800 ಜನ ನಿಲ್ಲಲಾರರು. ಹಣ್ಣು 24 ಗಂಟೆಯಲ್ಲಿ ಸತ್ವ ಕಳೆದುಕೊಳ್ಳುವುದರಿಂದ ಕೂಡಿಡಲೂ ಬರದು. ಶತ್ರು ಗೋಡೆ ಬಿಟ್ಟು ಆ ಹತ್ತು ಜನರನ್ನು ಹುಡುಕುತ್ತಾನೆ.

ದೂರದ ಊರಿಗೆ ಕ್ಷಣದಲ್ಲಿ ದಾಟಿಸುವ ಟೆಲಿಪೋರ್ಟೇಶನ್ ಸರ್ಕಲ್ ಇದೆಯಲ್ಲ, ಹಡಗು ಏಕೆ ಎಂದು ಆಟಗಾರರು ಕೇಳಿಯೇ ಕೇಳುತ್ತಾರೆ. ಶಾಶ್ವತ ವೃತ್ತಕ್ಕೆ ಒಂದೇ ಜಾಗದಲ್ಲಿ ಒಂದು ವರ್ಷ ದಿನಾ ಮಂತ್ರ ಹಾಕಬೇಕು. ಪ್ರತಿ ಸಲ 50 ಚಿನ್ನ, ಒಟ್ಟು 18,250. ಬಾಗಿಲು ತೆರೆದಿರುವುದು ಆರೇಳು ಸೆಕೆಂಡು. ರತ್ನ, ಪತ್ರ, ರಾಯಭಾರಿ ದಾಟಬಹುದು. ಗೋಧಿ, ಮರ, ಕಬ್ಬಿಣಕ್ಕೆ ಹಡಗೇ ಬೇಕು.

ಸತ್ತವರನ್ನು ಎಬ್ಬಿಸುವ ರೇಜ್ ಡೆಡ್‌ಗೆ ಕನಿಷ್ಠ ಒಂಬತ್ತನೇ ಲೆವೆಲ್ ಕ್ಲೆರಿಕ್ ಅಥವಾ ಬಾರ್ಡ್ ಬೇಕು, ಸತ್ತು ಹತ್ತು ದಿನ ಮೀರಿರಬಾರದು, 500 ಚಿನ್ನದ ವಜ್ರ ಒಮ್ಮೆಗೇ ನಾಶವಾಗುತ್ತದೆ. ಕೂಲಿಯಾಳಿಗೆ ಇದು 2,500 ದಿನದ ದುಡಿಮೆ. ವಜ್ರ ಮರಳಿ ಬರದ ಕಾರಣ ಗಣಿ ಯಾರದೋ ಜೀವ ಅವರದು. ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, ಇಷ್ಟು ತೂಕ ಮೀರಿದ ವಜ್ರಗಳನ್ನೆಲ್ಲ ಗಣಿಯ ಒಡೆಯ ರಾಜನ ಭಂಡಾರಕ್ಕೆ ಒಪ್ಪಿಸಬೇಕಿತ್ತು ಎಂದಿದ್ದಾನೆ. ಅದೇ ಕಾನೂನನ್ನು ನಿಮ್ಮ ಲೋಕದಲ್ಲಿಡಿ: ದೊಡ್ಡ ವಜ್ರ ಬಚ್ಚಿಡುವುದು ರಾಜದ್ರೋಹ. ರಾಜನನ್ನು ಕೊಲ್ಲಲು ಬಯಸುವವರು ಮೊದಲು ಭಂಡಾರ ದೋಚುತ್ತಾರೆ, ಇಲ್ಲವೇ ಹೆಣವನ್ನು ಹನ್ನೊಂದು ದಿನ ಅಡಗಿಸಿಡುತ್ತಾರೆ.

ಕೊನೆಗೆ ಹಳ್ಳಿ. 300 ಜನರ ಹಳ್ಳಿಯಲ್ಲಿ ಮಂತ್ರ ಬಲ್ಲವರು ಮೂವರು, ಮೂರನೇ ಲೆವೆಲ್ ಮುಟ್ಟಿದವರು ಸಾಮಾನ್ಯವಾಗಿ ಯಾರೂ ಇಲ್ಲ. ಮುಟ್ಟಿದವರು ಪಟ್ಟಣದ ಬೆಲೆಗೆ ಹೋಗಿರುತ್ತಾರೆ. ಹಾಗಾಗಿ ಮೊದಲ ಸಾಹಸವನ್ನು ಹಳ್ಳಿಯಲ್ಲಿ ಶುರು ಮಾಡುವುದಾದರೆ ಅದು ಹಳೆಯ ಲೋಕದಂತೆಯೇ ಕಾಣಲಿ, ತಪ್ಪಿಲ್ಲ. ವರ್ಷಕ್ಕೊಮ್ಮೆ ಬರುವ ಡ್ರೂಯಿಡ್‌ಗಾಗಿ ಹೊಲದ ನಡುವೆ ಒಂದು ಕಟ್ಟೆ ಹಾಕಿಡಿ. ಈ ಸಲ ಅವರು ಏಕೆ ಬಂದಿಲ್ಲ ಎಂದು ಆಟಗಾರರೇ ಕೇಳುವಂತೆ ಮಾಡಿ.