ಬೆಂಗಳೂರಿಂದ ಮಂಡ್ಯಕ್ಕೂ ಮೈಸೂರಿಗೂ ಸ್ಲೀಪರ್ ರೇಟ್ ಒಂದೇ ಯಾಕೆ?

ಸ್ಲೀಪರ್‌ಗೆ ಕಮ್ಮಿ ಅಂದ್ರೂ 200 ಕಿ.ಮೀ. ದುಡ್ಡು ಕೊಡ್ಲೇಬೇಕು ಅನ್ನೋ ರೂಲ್ ಇದೆ, ಅದಕ್ಕೇ. ಆಟೋದಲ್ಲಿ ಮಿನಿಮಮ್ ಚಾರ್ಜ್ ಇರತ್ತಲ್ಲ, ಹಾಗೇನೇ. ಮೈಸೂರು ಸುಮಾರು 139 ಕಿ.ಮೀ., ಮಂಡ್ಯ ನೂರೂ ಆಗಲ್ಲ, ಎರಡೂ 200ರ ಒಳಗೇ ಬರೋದ್ರಿಂದ ಒಂದೇ ಟ್ರೇನಲ್ಲಿ ನೀವು ಮಂಡ್ಯದಲ್ಲೇ ಇಳಿದ್ರೂ ಅಷ್ಟೇ, ಮೈಸೂರು ತನಕ ಹೋದ್ರೂ ಅಷ್ಟೇ. ಥರ್ಡ್ ಎಸಿಗೆ ಈ ಮಿನಿಮಮ್ಮು 300 ಕಿ.ಮೀ., ಹತ್ತಿರದ ಊರಿಗೆ ಅದನ್ನ ಬುಕ್ ಮಾಡೋದು ನನ್ ಪ್ರಕಾರ ದಂಡ.

ಇದ್ರ ಮೇಲೆ ದೂರಕ್ಕೆ ಸಂಬಂಧಾನೇ ಇಲ್ದಿರೋ ಚಾರ್ಜ್‌ಗಳೂ ಸೇರತ್ವೆ. ಸ್ಲೀಪರ್‌ಗೆ ರಿಸರ್ವೇಶನ್ 20 ರೂಪಾಯಿ, ಸೂಪರ್‌ಫಾಸ್ಟ್ ಆದ್ರೆ ಇನ್ನೊಂದು 30. ಅದೇ ದಾರಿ, ಅದೇ ಸ್ಟೇಷನ್ನು, ಆದ್ರೂ ಬೆಳಗಿನ ಟ್ರೇನ್‌ಗೊಂದು ರೇಟು ಸಂಜೇದಕ್ಕೊಂದು ರೇಟು ಅಂತ ಕಂಡ್ರೆ ಸಾಮಾನ್ಯವಾಗಿ ಈ 30 ರೂಪಾಯೀನೇ ಕಾರಣ.

ಮಂಡ್ಯಕ್ಕೆ ಹೋಗೋರು ಜನರಲ್ ಟಿಕೆಟ್ ತಗೊಳ್ಳಿ, ಅದ್ರಲ್ಲಿ ಮಿನಿಮಮ್ ಬರೀ 50 ಕಿ.ಮೀ., ಹಾಗಾಗಿ ಮೈಸೂರಿಗಿಂತ ನಿಜವಾಗ್ಲೂ ಕಮ್ಮಿ ಬೀಳತ್ತೆ.