ಕಾರಿಗೆ ಹೊರಗಿಂದ ತಂದ ಟೆಂಪರೇಚರ್ ಗೇಜ್‌ಗೆ ಕರೆಂಟ್ ಎಲ್ಲಿಂದ ತಗೊಳ್ಳೋದು?

ಸಿಗರೇಟ್ ಲೈಟರ್ ಹಿಂದಿನ ವೈರ್ ಸುಲಿದು ಅಲ್ಲಿಗೇ ಗೇಜ್ ಸುತ್ತಿಬಿಡ್ತೀವಿ ಅಂತ ಅಂಗಡಿಯವ್ರು ಹೇಳ್ತಿದಾರೆ, ಸೇಫಾ ಅಂತ ಕೇಳಿದೀರ. ಗೇಜ್ ಓಡತ್ತೆ, ಅದ್ರಲ್ಲಿ ಡೌಟಿಲ್ಲ, ನನ್ನ ಹಳೇ ಆಲ್ಟೊದಲ್ಲೂ ಹಂಗೇ ಮಾಡಿದ್ದೆ (ಅಂಗಡಿಯವ್ರಲ್ಲ, ನಾನೇ ಕೈಯಾರೆ), ಎರಡು ತಿಂಗಳು ಚೆನ್ನಾಗೇ ಓಡ್ತು. ಆಮೇಲೆ ಒಂದಿನ ಶಿರಸಿಯಿಂದ ಕುಮಟಾಗೆ ದೇವಿಮನೆ ಘಟ್ಟ ಇಳೀತಿದ್ದಾಗ ಸ್ಟೇರಿಂಗ್ ಕೆಳಗಿಂದ ಸುಟ್ಟ ವಾಸನೆ. ಸೈಡಿಗೆ ಹಾಕಿ ಬ್ಯಾಟರಿ ನೆಗೆಟಿವ್ ಕಿತ್ತು ಬಗ್ಗಿ ನೋಡಿದ್ರೆ ಗೇಜಿಂದು ದಾರದಂಥ ವೈರ್ ಕಬ್ಬಿಣದ ಬ್ರಾಕೆಟ್‌ಗೆ ಉಜ್ಜಿ ಸಿಪ್ಪೆ ಹೋಗಿ, ತಾಗಿಯೂ ತಾಗದಂಗೆ ಬಾಡಿಗೆ ತಾಗ್ತಾ, ಉದ್ದಕ್ಕೂ ಕರಗಿ ಕೂತಿತ್ತು. ಲೈಟರ್‌ನ 15 ಆಂಪ್ ಫ್ಯೂಸ್ ಮಾತ್ರ ಗಟ್ಟಿಮುಟ್ಟಾಗಿತ್ತು. ಯಾಕಂದ್ರೆ ಆ ಫ್ಯೂಸ್ ಇರೋದು ಲೈಟರ್‌ನ ದಪ್ಪ ವೈರ್ ಕಾಯೋಕೆ, ನನ್ನ ಸಣ್ಣ ವೈರ್ ಅದ್ರ ಲೆಕ್ಕದಲ್ಲೇ ಇಲ್ಲ, 15 ಆಂಪ್ ದಾಟೋವರೆಗೂ ಅದು ಸುಮ್ನೆ ಕೂತಿರತ್ತೆ.

ಅದಕ್ಕೆ ಎಲ್ಲಿಂದ ತಗೊಂಡ್ರಿ ಅನ್ನೋದಕ್ಕಿಂತ ಗೇಜ್‌ಗೆ ಅಂತಲೇ ಬೇರೆ 2 ಅಥವಾ 3 ಆಂಪ್ ಫ್ಯೂಸ್ ಇದೆಯಾ ಅನ್ನೋದು ಮುಖ್ಯ. ಗೇಜ್ ಅರ್ಧ ಆಂಪ್ ಕೂಡ ಎಳೆಯಲ್ಲ.

ಈಗ ನಾನು ಮಾಡೋದು ಫ್ಯೂಸ್ ಟ್ಯಾಪ್ ಹಾಕೋದು (ಫ್ಯೂಸ್ ಜಾಗಕ್ಕೆ ಚುಚ್ಚೋ ಹೋಲ್ಡರ್, ಅದ್ರಲ್ಲಿ ಹಳೇ ಫ್ಯೂಸ್ ಜೊತೆಗೆ ಗೇಜಿನ ಹೊಸ ಫ್ಯೂಸೂ ಕೂರತ್ತೆ, ಅಲ್ಲಿಂದ ಗೇಜಿಗೆ ವೈರ್ ಹೊರಡತ್ತೆ). ಆಟೋ ಎಲೆಕ್ಟ್ರಿಕಲ್ ಅಂಗಡೀಲಿ ಸಿಗತ್ತೆ, ಹೋಗೋವಾಗ ನಿಮ್ಮ ಗಾಡಿಯ ಒಂದು ಫ್ಯೂಸ್ ಕಿತ್ಕೊಂಡೇ ಹೋಗಿ, ಮಿನಿ, ಲೋ ಪ್ರೊಫೈಲ್, ಮೈಕ್ರೊ ಅಂತ ಬೇರೆಬೇರೆ ಸೈಜು, ಒಂದು ಇನ್ನೊಂದಕ್ಕೆ ಕೂರಲ್ಲ. ಹಿಂದಿನ ವೈಪರ್, ಆಡಿಯೋ, ಬೇಕಿದ್ರೆ ಅದೇ ಲೈಟರ್, ಇಂಥವುಗಳ ಫ್ಯೂಸ್ ಜಾಗ ಹಿಡೀರಿ. ಏರ್‌ಬ್ಯಾಗ್, ಎಬಿಎಸ್, ಪವರ್ ಸ್ಟೇರಿಂಗ್, ಇಂಜಿನ್ ಕಂಪ್ಯೂಟರ್, ಫ್ಯೂಯಲ್ ಪಂಪ್ ಇವುಗಳ ಹತ್ರಕ್ಕೂ ಹೋಗ್ಬೇಡಿ, ಹಳದಿ ಕನೆಕ್ಟರ್ ಅಥವಾ ಹಳದಿ ಪೈಪ್ ಸುತ್ತಿದ ವೈರ್ ಕಂಡ್ರೆ ಅದು ಏರ್‌ಬ್ಯಾಗಿಂದು ಅಂದ್ಕೊಂಡು ಕೈ ಹಿಂದೆ ತಗೊಳ್ಳಿ. ಚೆಕ್ ಮಾಡೋಕೆ ಮಲ್ಟಿಮೀಟರ್ ತಗೊಳ್ಳಿ, ಹಳೇ ಬಲ್ಬಿನ ಟೆಸ್ಟರ್ ಬೇಡ.

ಕೀ ತೆಗೆದಾಗ ಸೊನ್ನೆ, ಆನ್ ಮಾಡಿದಾಗ 12 ವೋಲ್ಟ್ ಬರೋ ಜಾಗ ಬೇಕು. ಯಾವಾಗ್ಲೂ ಲೈವ್ ಇರೋ ಕಡೆ ಕೊಟ್ರೆ, ಗೇಜ್ 100 ಮಿಲಿಆಂಪ್ ಎಳೆದ್ರೂ ದಿನಕ್ಕೆ 2.4 ಆಂಪ್ ಅವರ್ ಹೋಯ್ತು, ಸಣ್ಣ ಕಾರಿನ 35 ಆಂಪ್ ಅವರ್ ಬ್ಯಾಟರಿ, ನೀವು ಹತ್ತು ದಿನ ಊರಿಗೆ ಹೋಗಿ ಬಂದ್ರೆ ತಳ್ಳೋಕೆ ಜನ ಹುಡುಕ್ಬೇಕಾಗತ್ತೆ. ಸ್ಟಾರ್ಟ್ ಮಾಡೋವಾಗ ಗೇಜ್ ಒಂದು ಸಲ ಆಫಾಗಿ ಬಂದ್ರೆ ಗಾಬರಿ ಬೇಡ, ಕೆಲವು ಲೈನ್ ಕ್ರ್ಯಾಂಕ್ ಟೈಮಲ್ಲಿ ಕಟ್ ಆಗ್ತವೆ.

ಟ್ಯಾಪ್ ಉಲ್ಟಾ ಹಾಕೋದು ಎಲ್ರೂ ಮಾಡೋ ತಪ್ಪು. ಉಲ್ಟಾ ಇದ್ರೂ ಗೇಜ್ ಓಡತ್ತೆ, ಆದ್ರೆ ಗೇಜಿನ ಕರೆಂಟೂ ಹಳೇ ಫ್ಯೂಸ್ ಮೇಲಿಂದಾನೇ ಹೋಗತ್ತೆ, ಅದು ಹೋದ್ರೆ ಇದೂ ಹೋಯ್ತು. ಫ್ಯೂಸ್ ಕಿತ್ತು ಕೀ ಆನ್ ಮಾಡಿ ಎರಡು ತೂತಲ್ಲಿ ಯಾವುದ್ರಲ್ಲಿ 12 ವೋಲ್ಟ್ ಇದೆ ನೋಡ್ಕೊಳ್ಳಿ. ಆಮೇಲೆ ಟ್ಯಾಪ್ ಕೈಯಲ್ಲೇ ಇಟ್ಕೊಂಡು, ಗೇಜಿನ ಹೊಸ ಫ್ಯೂಸ್ ಒಂದನ್ನೇ ಹಾಕಿ, ಟ್ಯಾಪಿನ ವೈರಿಗೂ ಒಂದೊಂದು ಕಾಲಿಗೂ ಮಲ್ಟಿಮೀಟರ್ ಬೀಪ್ ಮೋಡಲ್ಲಿ ಮುಟ್ಟಿಸಿ ನೋಡಿ, ಬೀಪ್ ಬಂದ ಕಾಲು ಆ ಲೈವ್ ತೂತಿಗೆ ಹೋಗ್ಬೇಕು.

ವೈರ್ 0.75 ಸ್ಕ್ವೇರ್ ಎಂಎಂ ಆಟೋ ಕೇಬಲ್ ಸಾಕು, ಜಾಯಿಂಟ್ ಕ್ರಿಂಪ್ ಮಾಡಿ (ಲೋಹದ ಕ್ಲಿಪ್ಪಲ್ಲಿ ಒತ್ತಿ ಬಿಗಿದು) ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಬಿಗಿಯೋ ಪೈಪ್) ಹಾಕಿ, ಬರೀ ಟೇಪ್ ಸುತ್ತಿದ್ರೆ ಏಪ್ರಿಲ್ ಬಿಸಿಲಿಗೆ ಅಂಟು ಜಾರಿ ಬಿಚ್ಕೊಳ್ಳತ್ತೆ. ಬ್ರಾಕೆಟ್ ಅಂಚಲ್ಲಿ ಹಾಯೋ ಕಡೆ ಕಾರುಗೇಟೆಡ್ ಪೈಪ್ ತೊಡಿಸಿ. ಅರ್ತ್‌ಗೆ ಡ್ಯಾಶ್ ಕೆಳಗಿನ ಬಾಡಿ ಬೋಲ್ಟ್, ಪೇಂಟ್ ಕೆರೆದು ರಿಂಗ್ ಟರ್ಮಿನಲ್ ಹಾಕಿ ಬಿಗೀರಿ, ಇಲ್ಲಿ ಲೂಸ್ ಇದ್ರೆ ಹೆಡ್‌ಲೈಟ್ ಹಾಕಿದ ಕೂಡ್ಲೇ ಮುಳ್ಳು ಕುಣಿಯತ್ತೆ, ನೀವು ಸೆನ್ಸಾರ್ ಹೋಯ್ತು ಅಂತ ಹೊಸದು ತರ್ತೀರಿ. ಗೇಜ್‌ನ ರಾತ್ರಿ ಲೈಟಿಗೆ ಬೇರೆ ವೈರ್ ಇದ್ರೆ ಸದ್ಯಕ್ಕೆ ತುದಿ ಮುಚ್ಚಿ ಬಿಟ್ಬಿಡಿ, ಮೊದ್ಲು ಒಂದು ವಾರ ಗೇಜ್ ಓಡ್ಲಿ.