ಕಟ್ಟಡ ಕೆಡವಿದ ಮೇಲೆ ವಾಪಸ್ ಬರುವವರು ಯಾರು?

ಪ್ರಶ್ನೆ: ಸರ್ಕಾರಿ ಬಾಡಿಗೆ ಮನೆಗಳನ್ನು ಕೆಡವಿ, ಅಲ್ಲೇ ಮಾರಾಟದ ಫ್ಲ್ಯಾಟುಗಳನ್ನೂ ಸೇರಿಸಿ ಕಟ್ಟಿದರೆ ಎಲ್ಲ ವರ್ಗದವರೂ ಬೆರೆಯುತ್ತಾರೆ ಎನ್ನುತ್ತಾರೆ. ಹಳೆ ಬಾಡಿಗೆದಾರರು ಏನು ಗಮನಿಸಬೇಕು?

ಉತ್ತರ: ಮೊದಲು ಲೆಕ್ಕ ಕೇಳಿ. ಶೇಕಡಾವಾರು ಎಂಬುದು ಕಣ್ಕಟ್ಟು. 400 ಮನೆ ಕೆಡವಿ 1,000 ಕಟ್ಟಿ, ಶೇ. 30ರಷ್ಟು ಬಡವರಿಗೆ ಎಂದರೆ ಸಿಗುವುದು 300; ನೂರು ಕುಟುಂಬ ಹೊರಗೆ. ಮನೆಗಳಷ್ಟೇ ಅಲ್ಲ, ಮಲಗುವ ಕೋಣೆಗಳನ್ನೂ ಎಣಿಸಿ. ಮೂರು ಕೋಣೆಯ ಮನೆಗೆ ಬದಲಾಗಿ ಒಂದು ಕೋಣೆಯದ್ದು ಬಂದರೆ ಲೆಕ್ಕ ಸರಿಹೋಗುತ್ತದೆ, ದೊಡ್ಡ ಸಂಸಾರಕ್ಕೆ ಮಾತ್ರ ಜಾಗವಿರುವುದಿಲ್ಲ.

ಅಮೆರಿಕದಲ್ಲಿ ಒಂದಕ್ಕೊಂದು ಬದಲಿ ಮನೆ ಕೊಡಬೇಕೆಂಬ ನಿಯಮವನ್ನು 1995ರಲ್ಲಿ ಕೈಬಿಟ್ಟರು. ಹಳೆ ಸರ್ಕಾರಿ ಬಾಡಿಗೆ ಮನೆಗಳನ್ನು ಕೆಡವಿ ಎಲ್ಲ ವರ್ಗದವರಿಗೆಂದು ಹೊಸದಾಗಿ ಕಟ್ಟಿದ ಅಲ್ಲಿನ ಹೋಪ್ ಸಿಕ್ಸ್ ಯೋಜನೆಯ ಎಷ್ಟೋ ಕಡೆ ಹಳಬರು ಮರಳಲೇ ಇಲ್ಲ. ಕೆನಡಾದ ಟೊರಾಂಟೊದ ಸರ್ಕಾರಿ ಬಾಡಿಗೆ ಬಡಾವಣೆ ರೀಜೆಂಟ್ ಪಾರ್ಕ್‌ನಲ್ಲಿ 2005ರಿಂದ ಹಂತಹಂತವಾಗಿ ಕೆಡವುತ್ತಾ, 2,083 ಮನೆಗಳಿಗೂ ಬದಲಿ ಮತ್ತು ಮರಳುವ ಹಕ್ಕು ಎಂದು ಒಪ್ಪಿಕೊಂಡರು. ಒಂದಷ್ಟು ಬದಲಿ ಮನೆಗಳು ಮಾತ್ರ ಆ ಆವರಣದ ಹೊರಗೆ ಎದ್ದವು.

ಮರಳುವ ಹಕ್ಕು ಲಿಖಿತವಾಗಿರಲಿ: ಹೊಸ ಬಾಡಿಗೆಯ ಸೂತ್ರ, ಸಾಗಾಟದ ಖರ್ಚು, ತಾತ್ಕಾಲಿಕ ಮನೆಯ ದೂರ, ಗಡುವು. ಹೊಸದಾಗಿ ಅರ್ಹತಾ ಪರೀಕ್ಷೆ ಇಡುತ್ತಾರೆಯೇ ಎಂದೂ ನೋಡಿ, ಬಹಳ ಮಂದಿ ಜಾರಿ ಬೀಳುವುದು ಅಲ್ಲೇ.

ಇನ್ನು ಬೆರೆಯುವ ಮಾತು. ಅಕ್ಕಪಕ್ಕ ಇದ್ದ ಮಾತ್ರಕ್ಕೆ ಯಾರೂ ಬೆರೆಯುವುದಿಲ್ಲ. ನಕ್ಷೆಯಲ್ಲಿ ಬಾಗಿಲು, ಲಿಫ್ಟ್, ಅಂಗಳ ಹುಡುಕಿ. ಬಾಡಿಗೆದಾರರಿಗೆ ಬೇರೆ ದ್ವಾರ, ಹೂದೋಟಕ್ಕೆ ಬೇಲಿ ಇದ್ದರೆ ಅದು ಬೆರಕೆಯಲ್ಲ, ಒಂದೇ ವಿಳಾಸದ ಎರಡು ಕೇರಿ.